ಜೋಡಾಟಕ್ಕೆ ಒಂದೇ ಪ್ರಸಂಗ

ಕರಾವಳಿಯ ಯಕ್ಷಗಾನದಲ್ಲಿ ಜೋಡಾಟ ಎಂಬ ಪದ್ಧತಿಯಿದೆ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ, ಎರಡು ಮೇಳಗಳು ಒಂದೇ ರಾತ್ರಿ ಒಂದೇ ಪ್ರಸಂಗವನ್ನು ಪೈಪೋಟಿಯಲ್ಲಿ ಆಡುತ್ತವೆ. ಈ ಕಡೆಯ ಕೌರವ ಅಬ್ಬರಿಸಿದರೆ ಆ ಕಡೆಯ ಕೌರವನೂ ಅಬ್ಬರಿಸಬೇಕು. ಇಲ್ಲಿ ಚೆಂಡೆಯ ಪೆಟ್ಟು ಏರಿದರೆ ಅಲ್ಲಿಯೂ ಏರಬೇಕು. ನಡುವೆ ಕೂತ ಪ್ರೇಕ್ಷಕ ಮಾತ್ರ ಕತ್ತನ್ನು ಅತ್ತಿತ್ತ ತಿರುಗಿಸುತ್ತ ಬೆಳಗು ಮಾಡುತ್ತಾನೆ. 2024ರ ಲೋಕಸಭಾ ಚುನಾವಣೆ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆದಾಗ ನನ್ನ ಕತ್ತಿಗೂ ಇದೇ ವ್ಯಾಯಾಮ ಒದಗಿತು. ಆ 44 ದಿನಗಳ ಕತ್ತುನೋವಿನ ಫಲವಾಗಿ, ಮುಂದಿನ ಮಹಾಚುನಾವಣೆಯ ಹೊತ್ತಿಗೆ ನಾನೂ ಒಬ್ಬ ಚುನಾವಣಾ ತಂತ್ರಗಾರನಾಗಬೇಕೆಂದು ನಿರ್ಧರಿಸಿದ್ದೇನೆ.

ಈ ವೃತ್ತಿಯಲ್ಲಿರುವವರು ಸಾಮಾನ್ಯವಾಗಿ ಒಂದು ಚುನಾವಣೆಯಲ್ಲಿ ಒಂದು ಪಕ್ಷಕ್ಕೂ ಮುಂದಿನ ಚುನಾವಣೆಯಲ್ಲಿ ಅದರ ಎದುರಾಳಿಗೂ ಸಲಹೆ ಕೊಡುವುದುಂಟು. ಹೀಗೆ ಐದೈದು ವರ್ಷ ಕಾಯುವುದು ಕಾಲಹರಣವೆಂದು ತೋರಿದ್ದರಿಂದ ನಾನು ಬಿಜೆಪಿ, ಕಾಂಗ್ರೆಸ್ಸು ಎರಡೂ ಪಕ್ಷಗಳಿಗೆ ಏಕಕಾಲದಲ್ಲಿ ದುಡಿಯಲಿದ್ದೇನೆ. ಅದಕ್ಕಾಗಿ ಎರಡು ವರದಿಗಳನ್ನು ಬರೆಯಲು ಕೂತಾಗಲೇ ಮೊದಲ ತೊಡಕು ಎದುರಾಯಿತು: ಒಂದಕ್ಕೆ ಬರೆದ ಪ್ರತಿಯೊಂದು ವಾಕ್ಯವೂ ಇನ್ನೊಂದಕ್ಕೆ ಹೊಂದುತ್ತಿತ್ತು. ಆದ್ದರಿಂದ ಪಕ್ಷದ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಶಾಲಿನ ಬಣ್ಣವನ್ನು ಮಾತ್ರ ಅನುಬಂಧದಲ್ಲಿ ಸೂಚಿಸಿ, ಒಂದೇ ವರದಿಯನ್ನು ಸಿದ್ಧಪಡಿಸಿದ್ದೇನೆ. ಅದು ಗುಪ್ತ ವರದಿಯಾದರೂ ಎರಡೂ ಕಡೆಯವರ ಕೈಯಲ್ಲಿ ಇರುವುದರಿಂದ ಇಲ್ಲಿ ಪ್ರಕಟಿಸಿದರೆ ಯಾರಿಗೂ ನಷ್ಟವಿಲ್ಲ.

ವರದಿಯ ಮೊದಲ ಅಧ್ಯಾಯ ಶಬ್ದಗಳನ್ನು ಕುರಿತದ್ದು. ಹೊಸ ಶಬ್ದವನ್ನು ಹುಡುಕುವ ಗೋಜಿಗೆ ಯಾರೂ ಹೋಗಬಾರದು. ಎದುರಾಳಿ ತನ್ನ ಖರ್ಚಿನಲ್ಲಿ ಹುಡುಕಿ, ಊರೂರು ತಿರುಗಿ ಪರೀಕ್ಷಿಸಿ, ಅದರಿಂದ ಗೆದ್ದ ಮೇಲೆ ಎತ್ತಿಕೊಂಡರಾಯಿತು. 2022ರ ಜುಲೈನಲ್ಲಿ ಬುಂದೇಲ್‌ಖಂಡದ ಹೆದ್ದಾರಿಯನ್ನು ಉದ್ಘಾಟಿಸುತ್ತ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ಯಿಂದ, ಅಂದರೆ ಮತಕ್ಕಾಗಿ ಬಿಟ್ಟಿ ಹಂಚುವ ಚಾಳಿಯಿಂದ, ದೇಶಕ್ಕೆ ಅಪಾಯವಿದೆ ಎಂದು ಎಚ್ಚರಿಸಿದ್ದರು. ಮರುವರ್ಷವೇ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೃಹಲಕ್ಷ್ಮಿಯಿಂದ ಯುವನಿಧಿಯವರೆಗೆ ಐದು ಗ್ಯಾರಂಟಿಗಳನ್ನು ಘೋಷಿಸಿತು. ರೇವಡಿಯನ್ನು ಖಂಡಿಸುತ್ತಿದ್ದ ಪಕ್ಷವು ಅದೇ ಚುನಾವಣೆಯ ಪ್ರಣಾಳಿಕೆಯಲ್ಲಿ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲನ್ನೂ, ಯುಗಾದಿ, ಗಣೇಶ ಚತುರ್ಥಿ ಮತ್ತು ದೀಪಾವಳಿಗೆ ಒಂದೊಂದರಂತೆ ಮೂರು ಉಚಿತ ಸಿಲಿಂಡರುಗಳನ್ನೂ ಮುಂದಿಟ್ಟಿತು. ಹಾಲು ರೇವಡಿಯ ವರ್ಗಕ್ಕೆ ಸೇರುವುದಿಲ್ಲ, ಅದು ದ್ರವಪದಾರ್ಥ ಎಂಬ ಸಮಜಾಯಿಷಿಯನ್ನು ನಾನಾದರೆ ಸಿದ್ಧವಾಗಿಟ್ಟಿರುತ್ತಿದ್ದೆ. ಗ್ಯಾರಂಟಿಗಳು ಗೆದ್ದವು. ಗೆದ್ದ ಕೂಡಲೇ ಆ ಶಬ್ದ ಗಡಿ ದಾಟಿ, ಲೋಕಸಭಾ ಚುನಾವಣೆಯ ಹೊತ್ತಿಗೆ ‘ಮೋದಿ ಕಿ ಗ್ಯಾರಂಟಿ’ಯಾಗಿ ದೆಹಲಿಯಿಂದ ನಮಗೇ ಮರಳಿ ಬಂತು. ಅತ್ತ ಕಾಂಗ್ರೆಸ್ಸು ತನ್ನ ಐದನ್ನು ಐದರಿಂದ ಗುಣಿಸಿ 25 ಗ್ಯಾರಂಟಿಗಳ ‘ನ್ಯಾಯಪತ್ರ’ ಎಂಬ ಪ್ರಣಾಳಿಕೆಯನ್ನು ಹೊರತಂದಿತು.

ರೇವಡಿ ಎಂದರೆ ಎಳ್ಳು ಹಚ್ಚಿದ ಸಿಹಿತಿಂಡಿ. ಕನ್ನಡಿಗರಿಗೆ ಈ ಶಬ್ದ ಬೈಗುಳದಂತೆ ಕೇಳಿಸದಿದ್ದುದಕ್ಕೆ ಇದೇ ಕಾರಣವಿರಬಹುದು ಎಂಬುದು ನನ್ನ ಅನುಮಾನ. ಸಂಕ್ರಾಂತಿಯ ದಿನ ಎಳ್ಳುಬೆಲ್ಲವನ್ನು ಕೈಗಿಟ್ಟು ‘ತಿಂದು ಒಳ್ಳೆಯ ಮಾತಾಡಿ’ ಎಂದು ಹೇಳುವ ಜನ ನಾವು. ಕೊಟ್ಟವರ ಬಗ್ಗೆ ಒಳ್ಳೆಯ ಮಾತಾಡಿಸುವುದಕ್ಕಿಂತ ಹೆಚ್ಚಿನ ಚುನಾವಣಾ ತಂತ್ರ ಬೇರೆ ಯಾವುದಿದೆ? ಆದ್ದರಿಂದ ವರದಿಯಲ್ಲಿ ಹೀಗೆ ಸೂಚಿಸಿದ್ದೇನೆ: ಅವರು ಕೊಟ್ಟರೆ ಅದು ಬಿಟ್ಟಿ, ನಾವು ಕೊಟ್ಟರೆ ಅದು ಸಬಲೀಕರಣ. ಈ ವಾಕ್ಯದಲ್ಲಿನ ‘ಅವರು’ ಮತ್ತು ‘ನಾವು’ ಯಾರೆಂಬುದನ್ನು ಆಯಾ ಪಕ್ಷದವರು ತಮ್ಮ ಪ್ರತಿಯಲ್ಲಿ ತುಂಬಿಕೊಳ್ಳಬಹುದು.

ಇನ್ನು ಪಾತ್ರೆಗಳ ಅಧ್ಯಾಯ. ಇಡೀ ದೇಶದ ಪ್ರಚಾರದಲ್ಲಿ ಕರ್ನಾಟಕಕ್ಕೆ ವಿಶಿಷ್ಟವಾದ ಕೊಡುಗೆ ಯಾವುದಾದರೂ ಇದ್ದರೆ ಅದು ಚೊಂಬು. ಏಪ್ರಿಲ್‌ನಲ್ಲಿ ಕಾಂಗ್ರೆಸ್ಸು ಪತ್ರಿಕೆಗಳಲ್ಲಿ ದೊಡ್ಡದೊಂದು ಚೊಂಬಿನ ಚಿತ್ರವನ್ನು ಜಾಹೀರಾತಾಗಿ ಹಾಕಿಸಿ, ಕೇಂದ್ರ ಸರ್ಕಾರವು ರಾಜ್ಯಕ್ಕೆ ಕೊಟ್ಟಿರುವುದು ಇದನ್ನೇ ಎಂದು ಸಾರಿತು. ಕನ್ನಡದಲ್ಲಿ ಚೊಂಬು ಎಷ್ಟು ಅರ್ಥಗಳನ್ನು ಹೊತ್ತಿದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಬಾಯಿಗೆ ತೆಂಗಿನಕಾಯಿ ಇಟ್ಟರೆ ಅದು ಕಳಶ. ನೆಂಟರ ಕೈಗೆ ನೀರು ಕೊಟ್ಟರೆ ಅದು ಮರ್ಯಾದೆ. ಮುಂಜಾನೆ ಹಿಡಿದು ಹೊಲದ ಕಡೆ ನಡೆದರೆ ಅದು ಬೇರೆಯೇ ಕೆಲಸ. ಏನೂ ಸಿಗದೆ ಬರಿಗೈಯಲ್ಲಿ ಬಂದವನಿಗೆ ಸಿಕ್ಕಿದ್ದೂ ಅದೇ. ಈ ಪೈಕಿ ಹೊಲದ ಕಡೆಯ ಚೊಂಬಿಗೆ ಅಧಿಕೃತ ನಿವೃತ್ತಿ ದೊರೆತದ್ದು 2019ರ ಅಕ್ಟೋಬರ್ 2ರಂದು, ಅಂದರೆ ಗ್ರಾಮೀಣ ಭಾರತವು ಬಯಲು ಶೌಚದಿಂದ ಮುಕ್ತವಾಯಿತೆಂದು ಪ್ರಧಾನಿಯವರು ಘೋಷಿಸಿದ ದಿನ. ನಿವೃತ್ತ ಪಾತ್ರೆಯನ್ನು ಕಾಂಗ್ರೆಸ್ಸು ಮರುನೇಮಕ ಮಾಡಿಕೊಂಡಿತು; ತೆರಿಗೆಯ ಪಾಲು, ಬರ ಪರಿಹಾರ ಎಂಬ ಒಣ ಲೆಕ್ಕಗಳನ್ನೆಲ್ಲ ಅದರೊಳಗೆ ತುಂಬಿ ನಾಯಕರು ಕೈಯಲ್ಲಿ ಎತ್ತಿ ಹಿಡಿದರು.

ಎದುರು ರಂಗಸ್ಥಳದಲ್ಲಿ ಉತ್ತರ ತಯಾರಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಏಪ್ರಿಲ್ 20ರಂದು ಚಿಕ್ಕಬಳ್ಳಾಪುರದ ಸಭೆಯಲ್ಲಿ ಪ್ರಧಾನಿಯವರ ಸಮ್ಮುಖದಲ್ಲೇ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು, 2014ರಲ್ಲಿ ಕಾಂಗ್ರೆಸ್ಸು ಬಿಟ್ಟುಹೋದ ಖಾಲಿ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆಯಾಗಿ ಮಾಡಿದ್ದಾರೆ ಎಂಬ ಅರ್ಥದ ಮಾತನ್ನಾಡಿದರು. ಇಲ್ಲಿ ತಂತ್ರಗಾರನಾಗಿ ನನಗೆ ಎರಡು ಸಂತೋಷಗಳಿವೆ. ಒಂದು, ಪಾತ್ರೆ ಖಾಲಿಯಿತ್ತು ಎಂಬ ವಿಷಯದಲ್ಲಿ ಉಭಯ ಪಕ್ಷಗಳಿಗೂ ಭಿನ್ನಾಭಿಪ್ರಾಯವಿಲ್ಲ. ಅದನ್ನು ಖಾಲಿ ಮಾಡಿದವರು ಯಾರು ಎಂಬುದಷ್ಟೇ ಚರ್ಚೆ. ಇನ್ನೊಂದು, ವನಪರ್ವದ ಕಥೆ ಯಾರಿಗೂ ಪೂರ್ತಿ ನೆನಪಾಗಲಿಲ್ಲ. ಸೂರ್ಯನು ಧರ್ಮರಾಯನಿಗೆ ಕೊಟ್ಟ ಅಕ್ಷಯಪಾತ್ರೆಯೂ ದಿನದಲ್ಲಿ ಒಂದು ಹೊತ್ತು ಖಾಲಿಯಾಗುತ್ತಿತ್ತು, ದ್ರೌಪದಿಯ ಊಟ ಮುಗಿದ ಕೂಡಲೇ. ಸರಿಯಾಗಿ ಆ ಹೊತ್ತಿಗೇ ದೂರ್ವಾಸರು ಶಿಷ್ಯಸಮೇತರಾಗಿ ಬಂದು ಊಟ ಕೇಳಿದ್ದರು. ಬರಗಾಲದ ವರ್ಷದಲ್ಲಿ ಪರಿಹಾರ ಕೇಳಿ ದೆಹಲಿಯ ಬಾಗಿಲು ತಟ್ಟಿದ ರಾಜ್ಯ ಸರ್ಕಾರಕ್ಕೆ ಈ ಉಪಮೆ ಹೊಳೆದಿದ್ದರೆ ಜಾಹೀರಾತಿನ ಖರ್ಚಾದರೂ ಉಳಿಯುತ್ತಿತ್ತು.

ಸಂಖ್ಯೆಗಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಸಂಖ್ಯೆಯನ್ನು ಹೇಳಬೇಡಿ. ‘ಈ ಬಾರಿ 400ರ ಆಚೆ’ ಎಂದು ಒಂದು ಪಕ್ಷ ಕೂಗಿದಾಗ ಅದರ ಕಾರ್ಯಕರ್ತರಿಗಿಂತ ಹೆಚ್ಚು ಹುರುಪುಗೊಂಡವರು ಎದುರಾಳಿಗಳು. ಅಷ್ಟೊಂದು ಸ್ಥಾನ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕನ್ನಡ ಕ್ಷೇತ್ರದ ಸಂಸದರೊಬ್ಬರು ಸಂವಿಧಾನವನ್ನು ತಿದ್ದುವುದಕ್ಕೆ ಎಂದು ಮಾರ್ಚ್‌ನಲ್ಲಿಯೇ ಬಹಿರಂಗವಾಗಿ ಉತ್ತರಿಸಿಬಿಟ್ಟರು. ಪಕ್ಷ ಆ ಮಾತಿನಿಂದ ದೂರ ಸರಿಯಿತು, ಅವರಿಗೆ ಟಿಕೆಟನ್ನೂ ಕೊಡಲಿಲ್ಲ. ಆದರೆ ಅಷ್ಟರಲ್ಲಿ ಕೆಂಪು ರಟ್ಟಿನ ಪುಟ್ಟ ಸಂವಿಧಾನ ರಾಹುಲ್ ಗಾಂಧಿಯವರ ಕೈ ಸೇರಿತ್ತು. ಅದಕ್ಕೆ ಪ್ರತಿಯಾಗಿ, ಕಾಂಗ್ರೆಸ್ಸು ಕಸಿದುಕೊಳ್ಳುತ್ತದೆ ಎಂಬ ಪ್ರಧಾನಿಯವರ ಭಾಷಣಗಳಿಂದ, ರಾಜಸ್ಥಾನದ ಬಾಂಸ್‌ವಾಡಾದಲ್ಲಿ ಮಂಗಳಸೂತ್ರ ಅಪಾಯಕ್ಕೆ ಸಿಲುಕಿತು, ಗುಜರಾತಿನಲ್ಲಿ ಎರಡು ಎಮ್ಮೆ ಇದ್ದವರ ಒಂದು ಎಮ್ಮೆಯೂ ಅಪಾಯಕ್ಕೆ ಸಿಲುಕಿತು. 543 ಸ್ಥಾನಗಳ ಸಂಸತ್ತಿನ ಭವಿಷ್ಯವು ಒಂದು ಕಡೆ ಪುಸ್ತಕಕ್ಕೂ ಇನ್ನೊಂದು ಕಡೆ ಎಮ್ಮೆಗೂ ಜೋತುಬಿದ್ದು, ಜೂನ್ 4ರಂದು 240 ಪಡೆದವರು ಗೆದ್ದೂ ಮಂಕಾದರು, 99 ಪಡೆದವರು ಸೋತೂ ಲಡ್ಡು ಹಂಚಿದರು. ಕರ್ನಾಟಕದ 28ರಲ್ಲಿ ಬಿಜೆಪಿಗೆ 17, ಅದರ ಮಿತ್ರ ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9 ಸ್ಥಾನಗಳು ಬಂದವು. ಚೊಂಬು ಯಾರ ಪಾಲಿಗೆ ಬಂತೆಂಬುದು ಇನ್ನೂ ತೀರ್ಮಾನವಾಗಿಲ್ಲ.

ನನ್ನ ವರದಿಯ ಹೃದಯಭಾಗವಿರುವುದು ಖರ್ಚಿನ ಅಧ್ಯಾಯದಲ್ಲಿ. ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಅಭ್ಯರ್ಥಿಯೊಬ್ಬ 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅವನು ಕುಡಿಸಿದ ಚಹಾ, ತಿನ್ನಿಸಿದ ಉಪ್ಪಿಟ್ಟು, ಹಾಕಿಸಿಕೊಂಡ ಹಾರ, ಬಾಡಿಗೆಗೆ ತಂದ ಕುರ್ಚಿ ಇವೆಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಹೊರಡಿಸುತ್ತಾರೆ, ವೀಕ್ಷಕರು ಬರುತ್ತಾರೆ, ವಿಡಿಯೊ ತಂಡದವರು ಕುರ್ಚಿಗಳನ್ನು ಎಣಿಸುತ್ತಾರೆ, ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಆದರೆ ಅದೇ ಅಭ್ಯರ್ಥಿಯನ್ನು ನಿಲ್ಲಿಸಿದ ಪಕ್ಷಕ್ಕೆ ಯಾವ ಮಿತಿಯೂ ಇಲ್ಲ. ಪಕ್ಷದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅದೇ ವರ್ಷ ಸುಗ್ರೀವಾಜ್ಞೆ ತಂದು ಕಾನೂನನ್ನೇ ಬದಲಿಸಲಾಯಿತು. ಅಂದಿನಿಂದ ಇಂದಿನವರೆಗೆ ಬಂದುಹೋದ ಎಷ್ಟೋ ಬಣ್ಣದ ಸರ್ಕಾರಗಳಲ್ಲಿ ಒಂದಕ್ಕೂ ಪಕ್ಷದ ಖರ್ಚಿಗೆ ಮಿತಿ ಹಾಕಬೇಕೆಂದು ಅನ್ನಿಸಲಿಲ್ಲ. ಇಷ್ಟು ದೀರ್ಘಕಾಲ ಬಾಳಿದ ಸರ್ವಪಕ್ಷ ಒಮ್ಮತ ನಮ್ಮಲ್ಲಿ ಬೇರೊಂದಿಲ್ಲ.

ಇದಕ್ಕಿಂತ ಸೊಗಸಾದದ್ದು ತಾರಾ ಪ್ರಚಾರಕರ ನಿಯಮ. ಮಾನ್ಯತೆ ಪಡೆದ ಪಕ್ಷ 40 ಮಂದಿ ತಾರೆಯರನ್ನು ಹೆಸರಿಸಬಹುದು. ಅವರು ಹೆಲಿಕಾಪ್ಟರಿನಲ್ಲಿ ಹಾರಿ ಬಂದ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದರೆ, ಸಭೆಯ ಖರ್ಚಿನ ಪಾಲು ಅವನ ತಲೆಗೆ ಬೀಳುತ್ತದೆ. ಹೀಗಾಗಿ ಕಾನೂನನ್ನು ಶ್ರದ್ಧೆಯಿಂದ ಪಾಲಿಸುವ ಅಭ್ಯರ್ಥಿಯು ತನಗಾಗಿ ನಡೆಯುವ ಸಭೆಗೆ ತಾನು ಹೋಗಬಾರದು, ತನ್ನ ಚಿತ್ರವನ್ನು ಅಲ್ಲಿ ಹಾಕಿಸಬಾರದು, ತನ್ನ ಹೆಸರನ್ನು ಯಾರೂ ಎತ್ತದಂತೆ ನೋಡಿಕೊಳ್ಳಬೇಕು. ನಾನು ಇದನ್ನೇ ಸರ್ವೋತ್ತಮ ತಂತ್ರವೆಂದು ಶಿಫಾರಸು ಮಾಡಿದ್ದೇನೆ. ಹೇಗೂ ಮತ ಕೇಳುವುದು ದೆಹಲಿಯ ನಾಯಕರ ಹೆಸರಿನಲ್ಲಿ; ಅಭ್ಯರ್ಥಿ ಕಾಣಿಸಿಕೊಳ್ಳದಿದ್ದರೆ ಮತದಾರನಿಗೆ ಗೊಂದಲವೂ ಕಡಿಮೆ. ಇತ್ತ ಕುರ್ಚಿಗಳ ಎಣಿಕೆ ನಡೆದಿರುವಾಗಲೇ, ಮಾರ್ಚ್ 1ರಿಂದ ಏಪ್ರಿಲ್ 13ರವರೆಗೆ, ಇನ್ನೂ ಮೊದಲ ಮತವೂ ಬೀಳುವ ಮುನ್ನ, ದೇಶದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಮಾದಕವಸ್ತು, ಅಮೂಲ್ಯ ಲೋಹ ಮತ್ತು ಉಡುಗೊರೆಗಳ ಮೌಲ್ಯ 4,650 ಕೋಟಿ ರೂಪಾಯಿಗೂ ಹೆಚ್ಚು ಎಂದು ಚುನಾವಣಾ ಆಯೋಗ ತಿಳಿಸಿತು. ಅದು ಯಾವ ಅಭ್ಯರ್ಥಿಯ 95 ಲಕ್ಷದಲ್ಲೂ ಸೇರಿರಲಾರದು.

ಮುಖಗಳ ವಿಷಯದಲ್ಲಿ ಶಿವಮೊಗ್ಗ ನಮಗೆ ದಾರಿ ತೋರಿಸಿದೆ. ಅಲ್ಲಿ ಕೆ.ಎಸ್. ಈಶ್ವರಪ್ಪನವರು ಬಿಜೆಪಿ ಅಭ್ಯರ್ಥಿಯ ವಿರುದ್ಧ ಪಕ್ಷೇತರರಾಗಿ ನಿಂತು, ಮೋದಿಯವರ ಚಿತ್ರವನ್ನೇ ಹಿಡಿದು ಮತ ಕೇಳಿದರು. ಚಿತ್ರಕ್ಕೆ ಅಡ್ಡಿ ಬಾರದಿರಲೆಂದು ಮುಂಚಿತವಾಗಿ ನ್ಯಾಯಾಲಯದಲ್ಲಿ ಕೇವಿಯಟ್ (ತಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಅರ್ಜಿ) ಕೂಡ ಹಾಕಿದರು. ಹೆಸರುಗಳ ವಿಷಯದಲ್ಲಂತೂ 2019ರ ಮಂಡ್ಯವೇ ಪಾಠಶಾಲೆ. ಅಲ್ಲಿ ಸುಮಲತಾ ಅಂಬರೀಶ್ ಅವರಲ್ಲದೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. 2024ರಲ್ಲಿ ತಮಿಳುನಾಡಿನ ರಾಮನಾಥಪುರ ಇದನ್ನು ಮೀರಿಸಿತು. ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಅವರ ಎದುರು ಅದೇ ಹೆಸರಿನ ಇನ್ನೂ ಐವರು ಪನ್ನೀರ್‌ಸೆಲ್ವಂಗಳು ನಿಂತರು. ಇಂಥ ಸ್ಪರ್ಧೆಯನ್ನು ತಡೆಯಬೇಕೆಂಬ ಅರ್ಜಿ ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ತಂದೆತಾಯಿ ಇಟ್ಟ ಹೆಸರಿನ ಕಾರಣಕ್ಕೆ ಒಬ್ಬನ ಸ್ಪರ್ಧಿಸುವ ಹಕ್ಕನ್ನು ಕಸಿಯಲಾದೀತೇ ಎಂದು ನ್ಯಾಯಾಲಯ ಕೇಳಿತು. ತಂತ್ರಗಾರನಾಗಿ ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ. ಎದುರಾಳಿಯ ಉದಯೋನ್ಮುಖ ನಾಯಕರ ಪಟ್ಟಿಯನ್ನು ಈಗಲೇ ತಯಾರಿಸಿ, ನಾಮಕರಣದ ಮನೆಗಳಿಗೆ ಕಾರ್ಯಕರ್ತರನ್ನು ಕಳಿಸಬೇಕು. 25 ವರ್ಷ ತುಂಬಿದ ಕೂಡಲೇ ಆ ಮಕ್ಕಳು ಸ್ಪರ್ಧೆಗೆ ಅರ್ಹರು.

ಬೆಂಗಳೂರಿನ ಮತದಾರರಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಇಲ್ಲಿನ ಮತದಾನದ ದಿನ ಏಪ್ರಿಲ್ 26 ಶುಕ್ರವಾರ, ಜೊತೆಗೆ ವಾರಾಂತ್ಯ. ಬೆರಳಿನ ಶಾಯಿ ತೋರಿಸಿದವರಿಗೆ ಉಚಿತವಾಗಿ ದೋಸೆ ಕೊಡಲು ಮುಂದಾದ ಹೋಟೆಲಿನವರಿಗೆ ಪಾಲಿಕೆ ಬೇಡವೆಂದಾಗ ಅವರು ಹೈಕೋರ್ಟಿಗೆ ಹೋಗಿ ಅನುಮತಿ ಪಡೆದರು. ಮತ ಹಾಕುವ ಮುನ್ನ ದೋಸೆ ಕೊಟ್ಟರೆ ಅಪರಾಧ, ಹಾಕಿದ ಮೇಲೆ ಕೊಟ್ಟರೆ ಪ್ರಜಾಪ್ರಭುತ್ವದ ಸೇವೆ. ಅಷ್ಟಾದರೂ ಮಂಡ್ಯದಲ್ಲಿ ಮತದಾನ ಶೇ. 81 ದಾಟಿದ ದಿನವೇ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳು ಶೇ. 55ನ್ನು ಮುಟ್ಟಲಿಲ್ಲ.

ಇಷ್ಟೆಲ್ಲ ಬರೆದು ಮುಗಿಸಿದ ನನ್ನ ಅಹಂಕಾರವನ್ನು ಇಳಿಸಿದವರು ಅದೇ ಬೆಂಗಳೂರಿನ ಹೆಂಗಸರು. ಮಹಿಳೆಯ ಖಾತೆಗೆ ವರ್ಷಕ್ಕೆ ಒಂದು ಲಕ್ಷ, ಅಂದರೆ ತಿಂಗಳಿಗೆ 8,500 ರೂಪಾಯಿ, ‘ಖಟಾಖಟ್’ ಎಂದು ಬೀಳಲಿದೆ ಎಂದು ರಾಹುಲ್ ಗಾಂಧಿಯವರು ಸಭೆಗಳಲ್ಲಿ ಹೇಳುತ್ತಿದ್ದ ದಿನಗಳವು. ಮೇ ಕೊನೆಯಲ್ಲಿ, ಇನ್ನೂ ಮತ ಎಣಿಕೆಯೇ ಆಗದಿರುವಾಗ, ವಿಧಾನಸೌಧದ ಸಮೀಪದ ಪ್ರಧಾನ ಅಂಚೆ ಕಚೇರಿಯ ಮುಂದೆ ನೂರಾರು ಹೆಂಗಸರು ಅಂಚೆ ಬ್ಯಾಂಕಿನ ಖಾತೆ ತೆರೆಯಲು ನಸುಕಿನಿಂದಲೇ ಸಾಲುಗಟ್ಟಿದರು. ಎರಡು ಸಾವಿರ ಬರುತ್ತದಂತೆ ಎಂಬ ಮಾತೂ ಆ ಸಾಲಿನಲ್ಲಿತ್ತು, ಎಂಟೂವರೆ ಸಾವಿರ ಬರುತ್ತದಂತೆ ಎಂಬ ಮಾತೂ ಇತ್ತು. ಇದು ವದಂತಿ ಎಂದು ಅಂಚೆ ಅಧಿಕಾರಿಗಳು ಹೇಳಿದರೂ ಸಾಲು ಕರಗಲಿಲ್ಲ. ಯಾವ ಮೇಳ ಗೆದ್ದರೂ ಒಂದೇ ಖಾತೆ ಸಾಕು ಎಂಬುದು, ಒಂದೇ ವರದಿ ಸಾಕು ಎಂದು ನನಗೆ ಹೊಳೆಯುವುದಕ್ಕೆ ಎಷ್ಟೋ ಮೊದಲೇ ಅವರಿಗೆ ಹೊಳೆದಿತ್ತು. ನಾನೂ ಆಧಾರ್ ಕಾರ್ಡಿನ ಪ್ರತಿಯೊಂದಿಗೆ ಅಲ್ಲಿ ಒಂದು ಖಾತೆ ತೆರೆಯಲಿದ್ದೇನೆ. ಉಭಯ ಪಕ್ಷಗಳು ನನ್ನ ಶುಲ್ಕವನ್ನು ಅದಕ್ಕೇ ಜಮಾ ಮಾಡಬಹುದು.