ಮೊದಲು ಆ ನೀರಿನ ಬಟ್ಟಲು ಕೆಳಗಿಡಿ

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಇಲ್ಲಿ ಕಕ್ಕಿಬಿಟ್ಟರೇ ಸಮಾಧಾನ.

ನಮ್ಮ ನಾಯಿ ಕೆಂಪಿಯನ್ನು ವಾಕಿಂಗ್ ಕರೆದುಕೊಂಡು ಹೋಗಿದ್ದೆ. ವಾಕಿಂಗ್ ಅಂದರೆ ಈಗ ಮೂರು ಲೈಟ್ ಕಂಬ ದಾಟಿ ವಾಪಸ್ ಬರುವುದು, ಅಷ್ಟೇ. 13 ವರ್ಷ ಆಯ್ತಲ್ಲ. ಹಿಂದಿನ ರಸ್ತೆಯ ಮನೆಯಲ್ಲಿ ಒಂದು ಮುದಿ ಲ್ಯಾಬ್ರಡಾರ್ ಇದೆ, ಹೆಣ್ಣು. ಯಾವಾಗಲೂ ಸೋಫಾ ಮೇಲೆ ಮಹಾರಾಣಿ ಥರ ಬಿದ್ದುಕೊಂಡಿರುತ್ತಿದ್ದವಳು ಇವತ್ತು ಕಾರಿನ ಪಕ್ಕ, ಬರೀ ಸಿಮೆಂಟ್ ನೆಲದ ಮೇಲೆ, ಚೈನ್ ಹಾಕಿಸಿಕೊಂಡು ಕೂತಿದ್ದಾಳೆ. ನೀರಿನ ಬಟ್ಟಲು ಗೋಡೆ ಪಕ್ಕ ಬೋರಲು. ಯಾಕೆ ಅಂತ ಕೇಳಿದೆ.

"ಅಯ್ಯೋ ಮೇಡಂ, ಬೇಕಂತಲೇ ಹಾಸಿಗೆ ಒದ್ದೆ ಮಾಡ್ತಾಳೆ. ಸಂಜೆ ಐದರ ಮೇಲೆ ನೀರು ಬಂದ್ ಮಾಡಿದೀವಿ."

ಏನೋ ಕಂಡುಹಿಡಿದ ಹಾಗೆ ಹೆಮ್ಮೆ ಬೇರೆ. ಬೆಳಿಗ್ಗೆ ಏಳು ಗಂಟೆ ಆದರೂ ಬಟ್ಟಲು ಬೋರಲೇ ಇತ್ತು.

ಬೇಕಂತಲೇ! ನಿದ್ದೆಯಲ್ಲಿ ಸೋರಿದ್ದು ಎದ್ದ ಮೇಲೆ ಅದಕ್ಕೇ ಗೊತ್ತಿರುವುದಿಲ್ಲ. ಎದ್ದು, ಒದ್ದೆ ಜಾಗ ಮೂಸಿ, ಇದ್ಯಾರು ಮಾಡಿದ್ದು ಅನ್ನುವ ಹಾಗೆ ನಮ್ಮ ಮುಖ ನೋಡುತ್ತದೆ. ಕೆಂಪಿ ಮೊದಲ ಸಲ ಹಾಗೆ ನೋಡಿದಾಗ ನಾನೂ ಗದರಿದ್ದೆ. ಗದರಿದ್ದಷ್ಟೇ ಅಲ್ಲ. ಹೇಳಿಯೇ ಬಿಡುತ್ತೇನೆ, ಒಂದು ವಾರ ನಾನೂ ರಾತ್ರಿ ಬಟ್ಟಲು ಎತ್ತಿಟ್ಟಿದ್ದೆ. ಒಂದು ರಾತ್ರಿ ಎದ್ದು ನೋಡಿದರೆ ಬಚ್ಚಲಿನ ನೆಲ ನೆಕ್ಕುತ್ತಾ ನಿಂತಿದ್ದಳು. ಲೈಟ್ ಹಾಕಿದ ತಕ್ಷಣ ಬಾಲ ಮಡಚಿಕೊಂಡು ಮೂಲೆಗೆ ಸರಿದಳು. ಆ ನಾಚಿಕೆ ಇನ್ನೂ ಹೋಗಿಲ್ಲ. ಹಾಗಾಗಿ ಈ ಬರಹದ ಅರ್ಧ ಬೈಗುಳ ನನಗೇ ಅಂತ ಇಟ್ಟುಕೊಳ್ಳಿ.

ಆಮೇಲೆ ಡಾಕ್ಟರ್ ಹತ್ತಿರ ಹೋದೆ. ಬೆಳಗಿನ ಮೊದಲ ಮೂತ್ರ ಹಿಡಿದು ತನ್ನಿ ಅಂದರು. ಹೇಗೆ ಸ್ವಾಮಿ? ಸಾಂಬಾರಿನ ಹಳೇ ಸೌಟು ತೊಳೆದು, ಒಣಗಿಸಿ, ಪಾರ್ಕಿನಲ್ಲಿ ಅವಳ ಹಿಂದೆ ಹಿಂದೆ ಬಗ್ಗಿಕೊಂಡು ಓಡಾಡಿದೆ. ಅವಳು ಕೂರುವುದು, ಸೌಟು ನೋಡಿ ಎದ್ದುಬಿಡುವುದು. ಯೋಗ ಮಾಡುತ್ತಿದ್ದ ಅಂಕಲ್‌ಗಳೆಲ್ಲ ಉಸಿರು ಬಿಡುವುದನ್ನೇ ಮರೆತರು. ಮೂರನೇ ದಿನ ಸಿಕ್ಕಿತು, ನಾಲ್ಕು ಚಮಚ.

ಅದರಲ್ಲಿ ಇನ್ಫೆಕ್ಷನ್ ಇತ್ತು. ಅದು ವಾಸಿಯಾದ ಮೇಲೆ ಅರ್ಧ ಸೋರಿಕೆ ನಿಂತಿತು. ಉಳಿದರ್ಧ ಮೂತ್ರನಾಳವನ್ನು ಬಿಗಿಯಾಗಿ ಹಿಡಿಯುವ ಸ್ನಾಯು ಸಡಿಲವಾದದ್ದು. ಮಕ್ಕಳಾಗದ ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಇದು ಜಾಸ್ತಿಯಂತೆ, ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಶುರುವಾಗಬಹುದಂತೆ. (ಹಾಗಾದರೆ ಆಪರೇಷನ್ನೇ ತಪ್ಪಾ ಅಂತ ಯಾರೂ ಕಾಮೆಂಟ್ ಹಾಕಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿ ನಾಯಿ ಸಾಯುವುದನ್ನು ನೋಡಿದ್ದೇನೆ.) ಇದಕ್ಕೆ ಔಷಧಿ ಇದೆ. ಫಿನೈಲ್‌ಪ್ರೊಪನೋಲಮಿನ್ ಅಂತ ಒಂದು, ಹಿಂದೆ ನಮ್ಮ ನೆಗಡಿ ಮಾತ್ರೆಗಳಲ್ಲಿ ಇರುತ್ತಿತ್ತು. ಅದು ಬಿಪಿ ಏರಿಸಬಹುದು ಅಂತ ಕೆಂಪಿಗೆ ಇನ್ನೊಂದು ಕೊಟ್ಟರು, ಈಸ್ಟ್ರಿಯಾಲ್ ಅನ್ನುವ ಹಾರ್ಮೋನ್ ಮಾತ್ರೆ. ಮೊದಲು ದಿನಾ, ಆಮೇಲೆ ಕಮ್ಮಿ ಮಾಡುತ್ತಾ ಬಂದರು. ನೀವಾಗಿ ಅಂಗಡಿಯಲ್ಲಿ ಕೇಳಿ ತಂದು ತಿನ್ನಿಸಬೇಡಿ ಮತ್ತೆ.

ನೀರಿನ ವಿಷಯಕ್ಕೇ ಬರುತ್ತೇನೆ. ಡಾಕ್ಟರ್ ಮೊದಲು ಕೇಳಿದ್ದು "ದಿನಕ್ಕೆ ಎಷ್ಟು ಕುಡೀತಾಳೆ" ಅಂತ. ಒಂದು ಕಿಲೋ ತೂಕಕ್ಕೆ 100 ಮಿಲಿ ದಾಟಿದರೆ ಜಾಸ್ತಿ ಅಂತ ಲೆಕ್ಕ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಹಾಗೆ ಕುಡಿಯುತ್ತವೆ. ಬಟ್ಟಲೇ ಎತ್ತಿಟ್ಟರೆ ಅದು ಗೊತ್ತಾಗುವುದಾದರೂ ಹೇಗೆ? ಕಿಡ್ನಿ ಸೋತ ನಾಯಿಗೆ ನೀರು ತಪ್ಪಿಸಿದರೆ ಹಾಸಿಗೆ ಒಣಗಿರುತ್ತದೋ ಇಲ್ಲವೋ, ನಾಯಿಯಂತೂ ಒಣಗುತ್ತದೆ.

ಮನೆಯೆಲ್ಲ ವಾಸನೆ, ಚಿಕ್ಕ ಮಕ್ಕಳಿದ್ದಾರೆ ಅನ್ನುತ್ತೀರಿ. ಹೌದಪ್ಪ, ವಾಸನೆ ಬರುತ್ತೆ. ಉಚ್ಚೆ ಮಲ್ಲಿಗೆ ಘಮ ಬರಲ್ಲ. ಅದಕ್ಕೆ ಮೆಡಿಕಲ್ ಸ್ಟೋರ್‌ನಲ್ಲಿ ಅಂಡರ್‌ಪ್ಯಾಡ್ ಸಿಗುತ್ತೆ, ಹಾಸಿಗೆ ಹಿಡಿದ ವಯಸ್ಸಾದವರಿಗೆ ಹಾಸುವುದು. ನಮ್ಮ ಅತ್ತೆ ಹೋದ ಮೇಲೆ ಒಂದು ಪ್ಯಾಕೆಟ್ ಹಾಗೇ ಉಳಿದಿತ್ತು. ಕೆಂಪಿಯನ್ನು ಒಳಗೆ ಬಿಡಬೇಡ ಅಂತ ಹತ್ತು ವರ್ಷ ಜಗಳ ಆಡಿದವರು ಅವರು! ಕೊನೆಕೊನೆಗೆ ಹಾಸಿಗೆ ಒದ್ದೆಯಾಗುತ್ತೆ ಅಂತ ಹೆದರಿ ಅವರೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅರ್ಧ ಲೋಟ ಕುಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಷ್ಟೆಲ್ಲ ಆದ ಮೇಲೂ ಕೆಂಪಿಯ ಬಟ್ಟಲು ಎತ್ತಿಟ್ಟೆನಲ್ಲ.

ಈಗ ಪ್ಯಾಡ್ ಮೇಲೆ ಹಳೇ ಕೌದಿ ಹಾಸುತ್ತೇನೆ, ದಿನಾ ಒಂದು ಒಗೆಯುತ್ತೇನೆ. ರಾತ್ರಿ ಮಲಗುವ ಮುಂಚೆ ಒಮ್ಮೆ ಹೊರಗೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ. ತೊಡೆಯ ಸಂದಿ ಬೆಚ್ಚಗಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ತೆಳ್ಳಗೆ ವ್ಯಾಸಲೀನ್. ಇಲ್ಲದಿದ್ದರೆ ಉಚ್ಚೆ ತಾಗಿ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತೆ. ಡೈಪರ್ ಕೂಡ ಹಾಕಿ ನೋಡಿದೆ, ಹತ್ತು ನಿಮಿಷದಲ್ಲಿ ಹರಿದು ಹಾಲ್ ತುಂಬ ಹತ್ತಿ ಹರಡಿದಳು.

ಸಂಜೆ ತಡೆಯಲಾಗದೆ ಸೌಟು ತೊಳೆದುಕೊಂಡು ಅವರ ಮನೆಗೆ ಹೋದೆ. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತರು. ನಾನೇ ನಲ್ಲಿ ತಿರುಗಿಸಿ ಬಟ್ಟಲು ತುಂಬಿಸಿದೆ. ಆ ಮುದುಕಿ ತಲೆ ಎತ್ತದೆ ಕುಡಿದು ಖಾಲಿ ಮಾಡಿದಳು. ಮತ್ತೆ ತುಂಬಿಸಿದೆ, ಅದೂ ಖಾಲಿ. ನನಗೇ ಭಯ ಆಯ್ತು. ಸಕ್ಕರೆ ಇದೆಯಾ ನೋಡಿಸಿ ಅಂತ ಹೇಳಿ ಬಂದಿದ್ದೇನೆ. ನಾಳೆ ಹತ್ತು ಗಂಟೆಗೆ ಡಾಕ್ಟರ್ ಹತ್ತಿರ ಹೋಗುತ್ತಾರಂತೆ. ಹತ್ತೂಕಾಲಿಗೂ ಕಾರು ಅಲ್ಲೇ ನಿಂತಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ, ಆಟೋದವರು ಒಪ್ಪಿದರೆ.