ರಫೇಲಿಗೂ ಹಾಜರಾತಿ ನಿಯಮ ಬರಲಿ

ಕೊಡಗಿನಲ್ಲಿ ಕೂತು ಸೇನೆಯ ಖರ್ಚಿಗೆ ತಕರಾರು ತೆಗೆಯುವುದೆಂದರೆ ಉಂಡ ಮನೆಯಲ್ಲೇ ಜಗಳ ತೆಗೆದ ಹಾಗೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ 6,81,210 ಕೋಟಿ ರೂಪಾಯಿ. ಅದರಲ್ಲಿ 1,60,795 ಕೋಟಿ ಬರೀ ಪಿಂಚಣಿ. ಆ ಪಿಂಚಣಿ ಬಂದು ಬೀಳುವ ಪಾಸ್‌ಬುಕ್ಕುಗಳು ಇಲ್ಲಿ ಊರೂರಲ್ಲೂ ಇವೆ. ಕೇಂದ್ರದ ಶಾಲಾ ಶಿಕ್ಷಣ ಇಲಾಖೆಗೆ ಅದೇ ವರ್ಷ ಸಿಕ್ಕಿದ್ದು 78,572 ಕೋಟಿ. ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳದ ದೊಡ್ಡ ಹೊರೆ ರಾಜ್ಯದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುತ್ತೀರಿ. ಒಪ್ಪಿದೆವು. ಮೊತ್ತದ ಮಾತು ಬಿಡಿ, ಲೆಕ್ಕ ಹಾಕುವ ಕ್ರಮವನ್ನಾದರೂ ಒಂದೇ ಮಾಡಿ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ವಾರ್ಷಿಕ ಅನುದಾನ ಬರುವುದು ತಲೆ ಎಣಿಸಿ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000. ಸೀಮೆಸುಣ್ಣ, ಕರೆಂಟು ಬಿಲ್ಲು, ರಿಜಿಸ್ಟರು, ರಿಪೇರಿ ಎಲ್ಲಕ್ಕೂ ಇದೇ ಗಂಟು. ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಅಲ್ಲಿಗೆ ಸಾವಿರ ರೂಪಾಯಿ ಫಿನಾಯಿಲು, ಪೊರಕೆಗೆ ಹೋಯಿತು. ತೋಟದ ಕಾರ್ಮಿಕರ ಲೈನ್ ಮನೆಯ ಒಂದು ಕುಟುಂಬ ಕಾಫಿ ಕೊಯ್ಲು ಮುಗಿಸಿ ಗಂಟುಮೂಟೆ ಕಟ್ಟಿ, ಸರ್ಕಾರ ಶಾಲಾ ಮಕ್ಕಳ ತಲೆ ಎಣಿಸುವ ಯುಡೈಸ್ ಲೆಕ್ಕದಲ್ಲಿ 31 ಇದ್ದದ್ದು 30 ಆದರೆ, ಶಾಲೆಗೆ 15,000 ಖೋತಾ.

ಮಳೆ ಮಾತ್ರ ಹಾಜರಿ ಪುಸ್ತಕ ನೋಡಿ ಸುರಿಯುವುದಿಲ್ಲ. ಎರಡು ಕೋಣೆ, ಒಂದು ಜಗಲಿಯ ಶಾಲೆಗೆ ಇಳಿಜಾರೆಲ್ಲ ಸೇರಿ 1,400 ಚದರಡಿ ಹಂಚಿನ ಮಾಡು, ಅಂದರೆ ಸೂರು, ಎಂದಿಟ್ಟುಕೊಳ್ಳಿ. ಹತ್ತಿರ ಹತ್ತಿರ 2,000 ಮಂಗಳೂರು ಹಂಚು ಬೇಕು. ಒಳಗೆ ಹನ್ನೆರಡು ಮಕ್ಕಳಿದ್ದರೂ ಅಷ್ಟೇ, ನೂರು ಮಕ್ಕಳಿದ್ದರೂ ಅಷ್ಟೇ. ಬೇಸಿಗೆಯಲ್ಲಿ ಕೋತಿ ಹಾರಿ ಒಂದು ಹಂಚಿಗೆ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ, ಯಾರಿಗೂ ಕಾಣುವುದಿಲ್ಲ. ಜೂನ್‌ನಲ್ಲಿ ಅಲ್ಲಿಂದ ಇಳಿದ ನೀರನ್ನು ಹಂಚು ಹೊತ್ತ ಮರದ ಪಟ್ಟಿ, ಅಂದರೆ ರೀಪು, ಕುಡಿಯುತ್ತದೆ. ಎರಡು ಮಳೆಗಾಲಕ್ಕೆ ರೀಪು ಲಡ್ಡಾಗಿ, ಅದರ ಮೇಲಿನ ಸಾಲಿಗೆ ಸಾಲೇ ಜಾರುತ್ತದೆ; ಆಮೇಲೆ ರೀಪನ್ನು ಹೊತ್ತ ಪಕ್ಕಾಸಿನ ಸರದಿ. ಏಪ್ರಿಲ್‌ನಲ್ಲಿ ಮಾಡು ಹತ್ತಿ ಒಂದು ಹಂಚು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಠರಾವು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಪತ್ರ, ಇಂಜಿನಿಯರ ಎಸ್ಟಿಮೇಟು, ಮಂಜೂರಾತಿ. ಕಾಗದ ಅಷ್ಟು ಮೇಜು ಸುತ್ತುವಷ್ಟರಲ್ಲಿ ಆಟಿ ತಿಂಗಳು, ನಡು ಮಳೆಗಾಲ. ಅಲ್ಲಿಯವರೆಗೆ ನೀಲಿ ಟಾರ್ಪಾಲು. ಗಾಳಿ ಎದ್ದರೆ ಅದೂ ಪಕ್ಕದ ಸಿಲ್ವರ್ ಮರದಲ್ಲಿ.

ಈಗ ಇದೇ ನಿಯಮವನ್ನು ಸೇನೆಗೆ ಹಾಕಿ ನೋಡೋಣ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಮ್ಮಿನಲ್ಲಿ ನಿಂತಿರುವ ಟಿ-55 ಟ್ಯಾಂಕು ಓಡಲು ನಾಲ್ಕೇ ಜನ ಸಾಕು. ನಾಲ್ಕು ಎಂದರೆ 30ರೊಳಗೆ. ಹಾಗಾಗಿ ಸೇವೆಯಲ್ಲಿದ್ದಾಗ ಅದಕ್ಕೂ ವರ್ಷಕ್ಕೆ 10,000 ರೂಪಾಯಿಯೇ ಸಿಗಬೇಕಿತ್ತು. ಡೀಸೆಲ್ಲು, ಚೈನು, ಗುಂಡು ಅದರಲ್ಲೇ ಹೊಂದಿಸಿಕೊಳ್ಳಲಿ. ಸಾವಿರ ರೂಪಾಯಿ ಫಿನಾಯಿಲಿಗೆ ಎತ್ತಿಡುವುದನ್ನು ಮರೆಯಬಾರದು.

ರಫೇಲ್ ಯುದ್ಧವಿಮಾನದ ಸ್ಥಿತಿಯಂತೂ ಚಿಂತಾಜನಕ. 2016ರಲ್ಲಿ ಸುಮಾರು 59 ಸಾವಿರ ಕೋಟಿಗೆ ಒಪ್ಪಂದವಾದ 36 ವಿಮಾನಗಳಲ್ಲಿ 28 ಒಂಟಿ ಸೀಟಿನವು. ದಾಖಲಾತಿ: ಒಂದು. ಇಷ್ಟು ಕಡಿಮೆ ಹಾಜರಾತಿಯ ಘಟಕವನ್ನು ಶಾಲೆಯಾಗಿದ್ದರೆ ಎಂದೋ ಪಕ್ಕದ್ದಕ್ಕೆ ವಿಲೀನ ಮಾಡುತ್ತಿದ್ದರು.

ಇದು ಕಷ್ಟವೆಂದಾದರೆ ಇನ್ನೊಂದು ದಾರಿಯುಂಟು. 2007ರಲ್ಲಿ ಶುರುವಾದ ಕೂಡಿಗೆಯ ಸೈನಿಕ ಶಾಲೆಯನ್ನು ನಡೆಸುವ ಸೊಸೈಟಿ ರಕ್ಷಣಾ ಸಚಿವಾಲಯದ್ದು. ಪೂರ್ವನಿದರ್ಶನ ಜಿಲ್ಲೆಯಲ್ಲೇ ಇರುವಾಗ, ಸೋರುವ ಕನ್ನಡ ಶಾಲೆಗಳನ್ನೂ ಗಡಿ ಠಾಣೆಗಳೆಂದು ಘೋಷಿಸಿ ಅದೇ ಸಚಿವಾಲಯಕ್ಕೆ ಒಪ್ಪಿಸಿಬಿಡಿ.

ಅದೂ ಆಗದಿದ್ದರೆ ವಿಲೀನವೇ ಗತಿ. ಎರಡು ವಿಮಾನ ಸೇರಿಸಿ ಒಂದು ಮಾಡಿ, ಉಳಿದ ಪೈಲಟ್‌ಗಳನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಕೌನ್ಸೆಲಿಂಗಿಗೆ ಕರೆಯಲಿ. ಖಾಲಿ ಬಿದ್ದ ವಿಮಾನಗಳಲ್ಲಿ ಸದ್ಯಕ್ಕೆ ಗ್ರಾಮ ಪಂಚಾಯಿತಿ ತನ್ನ ಬ್ಲೀಚಿಂಗ್ ಪೌಡರ್ ಮೂಟೆ ಇಟ್ಟುಕೊಳ್ಳಬಹುದು.