ಉರಿಸಿದ ರಾಡುಗಳ ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ವೆಲ್ಡರ್ ಟ್ರೇಡಿಗೆ ಸೇರುವ ಮಕ್ಕಳನ್ನು ‘ಪಿಯುಸಿ ಓದಲಾಗದವರು’ ಎಂದು ಕರೆಯುವ ಮಾತು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಆ ಮಾತು ನೋಯಿಸುತ್ತದೆ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ: ಹಾಗೆ ಸೇರಿದ ಹುಡುಗನಿಗೆ, ಒಂದು ವರ್ಷದ ಆ ಕೋರ್ಸ್ ಮುಗಿಯುವಷ್ಟರಲ್ಲಿ, ಉರಿಸಲು ಎಷ್ಟು ರಾಡು, ಅಂದರೆ ಬೆಸುಗೆ ಹಾಕುವಾಗ ಕರಗಿ ಸೇರುವ ಲೇಪನವಿರುವ ಲೋಹದ ಕಡ್ಡಿ, ಸಿಕ್ಕಿತು?

ನಾನು ಓದಿದ ಸಂಸ್ಥೆಯಲ್ಲಿ 16 ಹುಡುಗರಿಗೆ ಕೆಲಸ ಮಾಡುವ ಸ್ಥಿತಿಯಲ್ಲಿದ್ದ ಮೆಷಿನ್‌ಗಳು 3. ದಿನಕ್ಕೆ ತಲೆಗೆ ಎರಡು ರಾಡು, ಸ್ಟಾಕ್ ಬಂದ ವಾರ ಮೂರು. 3.15 ಮಿ.ಮೀ. ದಪ್ಪದ ‘6013’ ಎಂಬ ಸಾಮಾನ್ಯ ದರ್ಜೆಯ ರಾಡು ಸುಮಾರು 110 ಆಂಪಿಯರ್‌ನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ನಿಮಿಷದಲ್ಲಿ ಉರಿದು ಬೆರಳುದ್ದದ ತುಂಡಾಗುತ್ತದೆ. ಅಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಶೆಡ್ಡಿನಲ್ಲಿ ನಿಂತಿದ್ದರೂ ಆರ್ಕ್, ಅಂದರೆ ರಾಡಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಕಿಡಿ, ನಮ್ಮ ಕೈಯಲ್ಲಿರುತ್ತಿದ್ದದ್ದು ಎರಡು ಮೂರು, ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಉಳಿದ ಹೊತ್ತು ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದೆವು. ಇನ್‌ಸ್ಟ್ರಕ್ಟರ್ ಒಳ್ಳೆಯವರು, ಕೆಲಸ ಬಲ್ಲವರು. ಅವರ ಕೈಯಲ್ಲೂ ರಾಡು ಇರಲಿಲ್ಲ.

ಅಪ್ರೆಂಟಿಸ್ ಆಗಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋದ ಮೊದಲ ದಿನ, ನೆಟ್ಟಗೆ ನಿಲ್ಲಿಸಿದ ಪ್ಲೇಟಿಗೆ ಕೆಳಗಿನಿಂದ ಮೇಲಕ್ಕೆ ಒಂದು ರನ್ (ಒಂದು ಸಾಲು ಬೆಸುಗೆ) ಹಾಕಲು ಅಲ್ಲಿನ ಮೇಸ್ತ್ರಿ ಹೇಳಿದರು. ಕರಗಿದ ಕಬ್ಬಿಣ ಮೇಣದಂತೆ ಇಳಿದು ತೊಟ್ಟಿಕ್ಕಿತು. ಅವರು ಬೈಯಲಿಲ್ಲ. ಒಂದು ಪ್ಯಾಕೆಟ್ ರಾಡು ತಂದು ಮುಂದಿಟ್ಟು, “ಇದನ್ನ ಪೂರ್ತಿ ಉರಿಸಪ್ಪ, ಆಮೇಲೆ ಮಾತಾಡೋಣ” ಎಂದರು. ಒಂದು ವರ್ಷದಲ್ಲಿ ಕಲಿಯದ್ದನ್ನು ಆ ಪ್ಯಾಕೆಟ್ ಮುಗಿಯುವಷ್ಟರಲ್ಲಿ ಕಲಿಯತೊಡಗಿದೆ. ಹೊಸಬರ ಕಣ್ಣು ಯಾವಾಗಲೂ ಬೆಳಕಿಗೇ ಹೋಗುತ್ತದೆ. ಆ ಬೆಳಕಿನ ಅಡಿಯಲ್ಲಿ ಕರಗಿದ ಲೋಹ ಎಲ್ಲಿದೆ, ಅದರ ಹಿಂದೆ ಹರಿದು ಬರುವ ಕಿಟ್ಟ (ರಾಡಿನ ಲೇಪನ ಕರಗಿ ಆಗುವ ಪದರ) ಎಲ್ಲಿದೆ ಎಂಬುದು ಬೇರೆ ಬೇರೆಯಾಗಿ ಕಾಣತೊಡಗಿದ ದಿನವೇ ವೆಲ್ಡಿಂಗ್ ಶುರು. ರಾಡಿನ ತುದಿಯನ್ನು ಅದರ ದಪ್ಪದಷ್ಟೇ ಅಂತರದಲ್ಲಿ ಹಿಡಿದು, ರಾಡು ಕರಗಿ ಗಿಡ್ಡವಾದಂತೆಲ್ಲ ಕೈಯನ್ನು ಅದೇ ವೇಗದಲ್ಲಿ ಇಳಿಸುತ್ತ ಮುಂದೆ ಸಾಗುವುದನ್ನು ಯಾವ ಚಿತ್ರವೂ ಕಲಿಸಲಾರದು. ಸರಿಯಾಗಿ ಬಿದ್ದ ಬೆಸುಗೆಯ ಮೇಲಿನ ಕಿಟ್ಟ ತಣ್ಣಗಾಗುತ್ತ ಕೆಲವೊಮ್ಮೆ ತಾನಾಗಿಯೇ ಸಿಪ್ಪೆಯಂತೆ ಎದ್ದು ಬರುತ್ತದೆ. ಅದನ್ನು ಮೊದಲ ಬಾರಿ ಕಂಡಾಗ ಆದ ಸಂತೋಷ ನನಗಿನ್ನೂ ನೆನಪಿದೆ.

ಫ್ಯಾಬ್ರಿಕೇಷನ್, ಅಂದರೆ ಲೋಹವನ್ನು ಕತ್ತರಿಸಿ ಜೋಡಿಸಿ ವಸ್ತು ಮಾಡುವುದು, ಇದಕ್ಕಿಂತ ಕಷ್ಟದ ವಿದ್ಯೆ ಎಂಬುದು ನನ್ನ ಅಭಿಪ್ರಾಯ. ಒಂದು ಗೇಟಿನ ಚೌಕಟ್ಟನ್ನೇ ನೋಡಿ. ನಾಲ್ಕು ಕೊಳವೆಗಳನ್ನು ಅಳತೆಗೆ ಕತ್ತರಿಸಿ, ಮೂಲೆಮಟ್ಟ ಇಟ್ಟು, ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕಿ ಬೆಸುಗೆ) ಹಾಕಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮವಾಗುವವರೆಗೆ ತಟ್ಟಿ ಸರಿಪಡಿಸಬೇಕು. ಕಾದ ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಕೊಳವೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ಒಂದೇ ಮೂಲೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬೆಳಿಗ್ಗೆ ಸರಿಯಾಗಿದ್ದ ಚೌಕಟ್ಟು ಮಧ್ಯಾಹ್ನದ ಹೊತ್ತಿಗೆ ತಿರುಚಿಕೊಂಡಿರುತ್ತದೆ. ಎದುರುಬದುರಾದ ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಬರಬೇಕು. ಲೋಹ ಹಿಗ್ಗುವುದು, ಕುಗ್ಗುವುದು, ಪೈಥಾಗೊರಸನ 3-4-5 ತ್ರಿಕೋನ ಎಲ್ಲವೂ ಈ ಒಂದು ಚೌಕಟ್ಟಿನಲ್ಲಿವೆ. ಹೈಸ್ಕೂಲಿನಲ್ಲಿ ಬರೀ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಗಣಿತ ನನಗೆ ಅರ್ಥವಾದದ್ದು ಇಲ್ಲಿ. ಈ ಮಕ್ಕಳನ್ನು ಓದಲಾಗದವರು ಎನ್ನುವವರು ಒಮ್ಮೆ ಈ ಚೌಕಟ್ಟನ್ನು ಜೋಡಿಸಿ ನೋಡಬೇಕು.

ಸುರಕ್ಷತೆಯ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಬರಿಗಣ್ಣಿನಲ್ಲಿ ಆರ್ಕ್ ನೋಡಿದವರ ಕಣ್ಣು ಆಗಲೇ ಉರಿಯುವುದಿಲ್ಲ. ರಾತ್ರಿ ಮಲಗಿದ ಮೇಲೆ ಮರಳು ತುಂಬಿದಂತೆ ಚುಚ್ಚುತ್ತದೆ. ಜಿಂಕ್ ಲೇಪನವಿರುವ ಜಿಐ ಪೈಪನ್ನು ಮುಚ್ಚಿದ ಕೋಣೆಯಲ್ಲಿ ಬೆಸೆದರೆ ಅದೇ ರಾತ್ರಿ ಚಳಿಜ್ವರ ಬರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕ ಎಂದೇ ವರ್ಗೀಕರಿಸಿತು. ಹದಿನಾರು, ಹದಿನೇಳರ ಮಕ್ಕಳನ್ನು ಈ ಹೊಗೆಯ ಮುಂದೆ ನಿಲ್ಲಿಸುವ ಸಂಸ್ಥೆಗೆ ಹೊಗೆ ಎಳೆಯುವ ಫ್ಯಾನು, ಸರಿಯಾದ ಗಾಜಿನ ಹೆಲ್ಮೆಟ್, ಚರ್ಮದ ಗ್ಲೌಸ್ ಒದಗಿಸುವುದು ಕರ್ತವ್ಯ.

ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ರೋಬೋಟ್ ಬೆಸುಗೆ ಹಾಕುವ ಕಾರ್ಖಾನೆಯಲ್ಲೂ ಬೆಸುಗೆ ಕೆಟ್ಟಿದೆಯೇ ಎಂದು ಗುರುತಿಸಲು ಅದನ್ನು ಕೈಯಾರೆ ಹಾಕಿ ಬಲ್ಲವರೇ ಬೇಕು. ಹಾಗಾಗಿ ಯಂತ್ರಕ್ಕೆ ಹಣವಿಡುವಾಗ ರಾಡು, ಪ್ಲೇಟು, ಗ್ಯಾಸು ಎಂಬ ದಿನನಿತ್ಯದ ಖರ್ಚಿಗೂ ಪ್ರತಿವರ್ಷ ಪ್ರತ್ಯೇಕವಾಗಿ ಹಣವಿಡಬೇಕು. ತರಬೇತಿ ಮುಗಿಸಿದವನ ಅಂಕಪಟ್ಟಿಯ ಜೊತೆಗೆ ಅವನು ಉರಿಸಿದ ರಾಡುಗಳ ಲೆಕ್ಕವೂ ಇರಬೇಕು ಎಂಬುದು ನನ್ನ ಒತ್ತಾಯ.

ಫ್ಯಾಬ್ರಿಕೇಷನ್ ಶೆಡ್ ನಡೆಸುವ ಗೆಳೆಯರಲ್ಲಿ ಒಂದು ವಿನಂತಿಯಿದೆ. ನಾವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಪ್ಲೇಟಿನ ತುಂಡುಗಳು ಕಲಿಯುವ ಮಕ್ಕಳಿಗೆ ಅಭ್ಯಾಸದ ಹಾಳೆಗಳಾಗುತ್ತವೆ. ಕಳೆದ ತಿಂಗಳು ನಾನು ಹತ್ತಿರದ ಐಟಿಐಗೆ ಅಂಥ ಎರಡು ಚೀಲ ತುಂಡುಗಳನ್ನು ಕಳಿಸಿದೆ. ಅಲ್ಲಿನ ಇನ್‌ಸ್ಟ್ರಕ್ಟರ್ ಫೋನ್ ಮಾಡಿ, ಮುಂದಿನ ಸಲ ತುಂಡುಗಳ ಒಂದೊಂದು ಅಂಚನ್ನು ಓರೆಯಾಗಿ ಗ್ರೈಂಡ್ ಮಾಡಿಸಿ ಕೊಡಬಹುದೇ, ಮಕ್ಕಳಿಗೆ ಅಂಚಿಗೆ ಅಂಚು ಸೇರಿಸುವ ಬಟ್ ಜಾಯಿಂಟ್ ಕಲಿಸಬೇಕಿದೆ ಎಂದು ಕೇಳಿದರು. ಈ ಶನಿವಾರ ನಮ್ಮ ಶೆಡ್ಡಿನಲ್ಲಿ ಅದೇ ಕೆಲಸ ನಡೆಯುತ್ತಿದೆ.